ಲಿಬಾಸನ ಪುದೀನ ಮೇಜು

ಯೋಫ್‌ನ ಮೀನುಗಾರರ ಕೇರಿಯಲ್ಲಿ ಯಾರ ಮನೆಯ ತಾರಸಿ ಮೇಲೆ ಗಿಡ ಬಾಡಿದರೂ ಮೊದಲು ನೆನಪಾಗುತ್ತಿದ್ದವಳು ಸೈನಬು. ಮಣ್ಣೇ ಇಲ್ಲದ ಬೇಸಾಯ ಅದು. ಹಲಗೆಯ ಮೇಜಿಗೆ ಕಪ್ಪು ಪ್ಲಾಸ್ಟಿಕ್ ಹಾಸಿ, ಕಡಲೆಕಾಯಿ ಸಿಪ್ಪೆ, ಭತ್ತದ ಹೊಟ್ಟು ತುಂಬಿ, ಗೊಬ್ಬರದ ಪುಡಿ ಕರಗಿಸಿದ ನೀರುಣಿಸಿ ಬೆಳೆಸುವುದು. ಮಣ್ಣಾದರೆ ಗಿಡ ತನಗೆ ಬೇಕಾದ್ದನ್ನು ಹೇಗೋ ಹುಡುಕಿಕೊಳ್ಳುತ್ತದೆ. ಸಿಪ್ಪೆಯಲ್ಲಿ ನಿಂತ ಗಿಡಕ್ಕೆ ನಾವು ಕೊಟ್ಟರೆ ಊಟ, ಇಲ್ಲದಿದ್ದರೆ ಉಪವಾಸ. ಆ ಉಪವಾಸವೆಲ್ಲ ಎಲೆಯ ಮೇಲೆ ಮೂಡುತ್ತದೆ, ಅದನ್ನು ನೋಡಿ ಹೇಳುವುದರಲ್ಲಿ ಸೈನಬುವಿನ ಕಣ್ಣು ಪಳಗಿತ್ತು.

ಚಿಗುರು ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಬುಡದ ಎಲೆ ಇಡಿಯಾಗಿ ಹಳದಿ ತಿರುಗಿದರೆ ಸಾರಜನಕ ಸಾಲದು. ಎಲೆಯ ಬೆನ್ನಲ್ಲಿ ಬೆರಳಿಗೆ ಕಿತ್ತಳೆ ಪುಡಿ ಅಂಟಿದರೆ ತುಕ್ಕುರೋಗ, ಕಿತ್ತು ಸುಡು. ಹೆಂಗಸರ ಸಂಘದಲ್ಲಿ ನೀರಿನ ಸಾರ ಅಳೆಯುವ ಒಂದು ಮೀಟರ್ ಇತ್ತು. ಅದು ಕೆಟ್ಟು ಮೂಲೆ ಸೇರಿದಾಗ ಉಳಿದವರು ಪೇಚಾಡಿದರು, ಸೈನಬು ಪೇಚಾಡಲಿಲ್ಲ. ತನ್ನ ಕಣ್ಣಿರುವಾಗ ಮೀಟರ್ ಯಾಕೆ ಎಂಬ ಜಂಬ ಅವಳಿಗಿತ್ತು. ಜಂಬ ಎಂದೇ ಹೇಳಬೇಕು, ಅವಳ ಮೇಲೆ ಎಷ್ಟೇ ಪ್ರೀತಿಯಿದ್ದರೂ.

"ಬಂದ್ಳಪ್ಪ ಎಲೆ ಡಾಕ್ಟರಮ್ಮ!" ಎಂದು ಪಕ್ಕದ ತಾರಸಿಯಿಂದ ಪೆಂದಾ ಕೂಗುತ್ತಿದ್ದಳು. "ನೀವು ಜೋಪ್ ಮನೆತನದೋರು ಅನ್ನ ಕಂಡರೆ ಬಿಡೋರಲ್ಲ, ನಿನ್ನ ಕೈಗೆ ಸಿಕ್ಕ ಗಿಡಾನೂ ಹಂಗೇ ತಿಂದು ತಿಂದು ಊದ್ಕೊಂಡಿದಾವೆ."

"ನೀವು ಎನ್‌ಜಾಯ್‌ಗಳು ನಮ್ಮನೆ ಆಳುಗಳು ಕಣೇ. ಆಳಿಗೇನು ಗೊತ್ತು ಅನ್ನದ ರುಚಿ?" ಎಂದು ಸೈನಬು ತಿರುಗಿಸಿ ಕೊಡುತ್ತಿದ್ದಳು. ಜೋಪ್, ಎನ್‌ಜಾಯ್ ಮನೆತನದವರು ಎದುರಾದರೆ ಹೀಗೆ ತಮಾಷೆಗೆ ಬೈದಾಡಿಕೊಳ್ಳಲೇಬೇಕು, ಅದು ತಲೆತಲಾಂತರದ ಪದ್ಧತಿ, ಬೈಯದಿದ್ದರೆ ಮನಸ್ಸಿನಲ್ಲೇನೋ ಇದೆ ಎಂದು ಅರ್ಥ.

ಸೈನಬು ರುಫಿಸ್ಕ್‌ ಕಡೆಯ ಬೇಸಾಯದ ಮನೆಯ ಹೆಣ್ಣು. ಯೋಫ್‌ಗೆ ಸೊಸೆಯಾಗಿ ಬಂದಾಗ ಅವಳಿಗೆ ಮೀನು ಸೀಳುವುದೂ ನೆಟ್ಟಗೆ ಬರುತ್ತಿರಲಿಲ್ಲ. ಅತ್ತೆ ಯಾಯ್ ದಾಬಾ ಹುಟ್ಟಿದಾಗಿನಿಂದ ಮೀನಿನ ಜೊತೆಯೇ ಇದ್ದವಳು. ದಡಕ್ಕೆ ಬಂದ ಮೀನನ್ನು ಸೀಳಿ, ಉಪ್ಪು ತುಂಬಿ, ಒಣಗಿಸಿ, ಒಳನಾಡಿಗೆ ಕಳಿಸಿ ಮಕ್ಕಳನ್ನು ಸಾಕಿದವಳು. ಸೊಸೆ ಸೀಳಿದ ಮೀನನ್ನು ಎತ್ತಿ ಹಿಡಿದು, "ಇದನ್ನ ಮೀನು ಅಂತ ಯಾರಾದ್ರೂ ಹೇಳ್ತಾರಾ ಮಗಳೇ? ಬೆಕ್ಕು ಕಚ್ಚಿ ಬಿಟ್ಟ ಹಾಗಿದೆ" ಎಂದು ನಕ್ಕಿದ್ದಳು. ಯಾಯ್ ಎಂದರೆ ಅಮ್ಮ. ಆ ನಗುವಿನ ದಿನದಿಂದ ಸೈನಬುವಿಗೆ ಅವಳು ನಿಜಕ್ಕೂ ಅಮ್ಮನೇ ಆದಳು.

ಗಂಡ ಲಿಬಾಸ್ ದೋಣಿ ಕಟ್ಟುವ ಬಡಗಿ. ಹೆಂಡತಿಗೆ ಮೀನಿನ ಕೆಲಸ ಒಗ್ಗದೆಂದು ಕಂಡು, ದೋಣಿಯಿಂದ ಉಳಿದ ಹಲಗೆಗಳಲ್ಲಿ ತಾರಸಿ ಮೇಲೆ ಮೂರು ಮೇಜು ಮಾಡಿಕೊಟ್ಟ. ಎರಡರಲ್ಲಿ ಅವಳು ಟೊಮೇಟೊ, ಪುಂಡಿಸೊಪ್ಪು ಹಾಕಿದಳು. ಮೂರನೆಯದರಲ್ಲಿ ಅವನೇ ಪುದೀನ ನೆಟ್ಟ. ಅದರ ಅಂಚನ್ನು ದೋಣಿಯ ಮೂತಿಯಂತೆ ಬಾಗಿಸಿ ಹಳದಿ, ಹಸಿರು ಬಣ್ಣವನ್ನೂ ಬಳಿದ. ಸಂಜೆ ಟೀ ಕಾಯಿಸುವಾಗ ಮೆಟ್ಟಿಲು ಹತ್ತಿ ಹೋಗಿ ಒಂದು ಹಿಡಿ ಕಿತ್ತು ತರುವುದು ಅವನದೇ ಕೆಲಸ, ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ಆಮೇಲೆ ಮೀನು ಕಡಿಮೆಯಾಯಿತು, ದೋಣಿ ಕಟ್ಟಿಸುವವರೂ ಇಲ್ಲವಾದರು. ಕೊನೆಗೆ ಅವನ ಕೈಗೆ ಬಂದ ಒಂದೇ ದೊಡ್ಡ ದೋಣಿ ಸ್ಪೇನಿನ ದ್ವೀಪಗಳಿಗೆ ಕೆಲಸ ಹುಡುಕಿ ಹೋಗುವ ಹುಡುಗರನ್ನು ಕದ್ದು ಸಾಗಿಸುವ ದೋಣಿ. ಅದನ್ನು ಕಟ್ಟಿ ಮುಗಿಸಿ ಅವನೂ ಅದರಲ್ಲೇ ಹತ್ತಿ ಹೋದ. ಹೋಗುವ ಮುಂಚೆ ತಾಯಿಯ ಮಂಡಿ ಹಿಡಿದು, "ನಾನು ಬರೋವರೆಗೂ ನನ್ನ ಪುದೀನ ಹಸಿರಾಗಿರಲಿ ಯಾಯ್. ಬಂದು ಅದರಲ್ಲೇ ಟೀ ಕುಡೀತೀನಿ" ಎಂದಿದ್ದ. ಹೆಂಡತಿಗೆ ಏನು ಹೇಳಿದ ಎಂಬುದನ್ನು ಸೈನಬು ಯಾರಿಗೂ ಹೇಳಿಲ್ಲ.

ಫೋನು ಬರಲಿಲ್ಲ. ತಿಂಗಳುಗಳು ಉರುಳಿದವು. ಆ ದೋಣಿಯಲ್ಲಿ ಹೋದವರ ಮನೆಗಳಲ್ಲಿ ಒಂದೊಂದಾಗಿ ಸತ್ತವರ ಪ್ರಾರ್ಥನೆ ನಡೆಯಿತು. ಕೊನೆಗೆ ಲಿಬಾಸನ ಚಿಕ್ಕಪ್ಪ ಮಾಸೆಕ್ ಬಂದು ಅಂಗಳದಲ್ಲಿ ಚಾಪೆ ಹಾಸಿ ಕುಳಿತ. ಒಳ್ಳೆಯ ಮನುಷ್ಯನೇ. ಆದರೆ ಎಲ್ಲ ಕೆಲಸವೂ ಹೊತ್ತಿಗೆ ಸರಿಯಾಗಿ ಮುಗಿಯಬೇಕು ಎನ್ನುವವನು, ದುಃಖ ಕೂಡ.

"ಅತ್ತಿಗೆ, ಎಷ್ಟು ದಿನ ಅಂತ ಹೀಗೇ ಇರೋದು? ಹುಡುಗನಿಗೆ ಸಲ್ಲಬೇಕಾದ ಪ್ರಾರ್ಥನೆ ಸಲ್ಲಬೇಕು. ಸೈನಬು ವಿಧವೆ ಬಟ್ಟೆ ಉಟ್ಟು ಕೂತು, ಶೋಕದ ತಿಂಗಳು ಮುಗಿಸಿ, ತನ್ನ ದಾರಿ ನೋಡ್ಕೊಬೇಕು. ಚಿಕ್ಕ ವಯಸ್ಸು."

ಯಾಯ್ ದಾಬಾ ಮೀನಿನ ಚಾಕುವನ್ನು ಕೆಳಗಿಟ್ಟಳು. "ಬೇರೆಯವರ ಮಕ್ಕಳು ಏನು ಹೇಳಿ ಹೋದರೋ ನಂಗೊತ್ತಿಲ್ಲ ಮಾಸೆಕ್. ನನ್ನ ಮಗ ಪುದೀನ ನೋಡ್ಕೋ ಅಂತ ಹೇಳಿ ಹೋಗಿದಾನೆ. ಮೇಲೆ ಹತ್ತಿ ನೋಡು, ಹೇಗೆ ಹಬ್ಬಿದೆ ಅಂತ. ಅದು ಹಸಿರಾಗಿರೋವರೆಗೂ ಈ ಮನೇಲಿ ಆ ಬಟ್ಟೆ ಮಾತು ಎತ್ತಬೇಡ."

"ಒಣಗಿದ ದಿನ?"

"ಒಣಗಿದ ದಿನ ನೀನು ಹೇಳಿದ ಹಾಗೆ." ಅವಳು ಪೆಂದಾ ಸೇರಿ ಅಂಗಳದಲ್ಲಿದ್ದ ಎಲ್ಲರ ಮುಖ ನೋಡಿದಳು, ಸೊಸೆಯ ಮುಖವನ್ನೂ. "ಆದ್ರೆ ಯಾರ ಕೈಯಿಂದ ಅದು ಒಣಗುತ್ತೋ ಅದೇ ಕೈ ನನ್ನ ಮಗನ್ನ ನೀರಿಗೆ ತಳ್ಳಿದ ಹಾಗೆ. ಎಲ್ಲರಿಗೂ ನೆನಪಿರಲಿ."

ಪುದೀನಕ್ಕೂ ಗಂಡನ ಉಸಿರಿಗೂ ಸಂಬಂಧವಿಲ್ಲವೆಂದು ಸೈನಬುವಿಗೆ ಗೊತ್ತಿತ್ತು. ಅವಳೇನು ಮಗುವೇ? ಆದರೂ ಅಂದಿನಿಂದ ಬೆಳಿಗ್ಗೆ ಎದ್ದ ಕೂಡಲೇ ಮುಖ ತೊಳೆಯುವ ಮುಂಚೆ ಮೆಟ್ಟಿಲು ಹತ್ತಿ ಆ ಮೇಜನ್ನು ನೋಡಿ ಬರುತ್ತಿದ್ದಳು. ಹಸಿರು ಕಂಡರೆ ಆ ದಿನದ ಮಟ್ಟಿಗೆ ಅವಳು ಗಂಡನುಳ್ಳವಳು.

ಹಾಗಿರುವಾಗ ಒಂದು ಬೆಳಿಗ್ಗೆ ಪುದೀನದ ಬುಡದ ಎಲೆಗಳ ಅಂಚು ಹಳದಿಯಾದದ್ದು ಕಂಡಿತು. ಸೈನಬು ಮೇಜಿನ ಮೇಲೆ ಬಾಗಿದಳು. ಒಂದು ಎಲೆ ಕಿತ್ತು ಬೆಳಕಿಗೆ ಹಿಡಿದಳು. ಬೆನ್ನು ತಿರುಗಿಸಿ ಬೆರಳಾಡಿಸಿದಳು, ಪುಡಿ ಅಂಟಲಿಲ್ಲ, ತುಕ್ಕಲ್ಲ. ಚಿಗುರು ಹಸಿರಾಗಿತ್ತು, ಕಬ್ಬಿಣದ ಕೊರತೆಯೂ ಅಲ್ಲ. ಮುದಿ ಎಲೆಯ ಅಂಚು ಮೊದಲು ಹಳದಿ, ಮೇಲೆ ಕಂದು ಚುಕ್ಕೆ, ಆಮೇಲೆ ಸುಟ್ಟ ಕಾಗದದ ಹಾಗೆ ಗರಿಗರಿ. ಇದು ಪೊಟ್ಯಾಷ್ ಹಸಿವು. ಗಿಡ ಮುದಿ ಎಲೆಯಿಂದ ಕಿತ್ತು ಚಿಗುರಿಗೆ ಉಣಿಸುತ್ತಿದೆ. ಪಕ್ಕದ ಟೊಮೇಟೊ, ಪುಂಡಿ ಚೆನ್ನಾಗಿಯೇ ಇದ್ದವು. ಪುದೀನ ಒತ್ತಾಗಿ ಹಬ್ಬಿದೆ, ಅದಕ್ಕೇ ಇದರ ಹೊಟ್ಟೆ ದೊಡ್ಡದು ಎಂದುಕೊಂಡಳು. ಆ ಮೇಜಿಗೆ ಮಾತ್ರ ಪುಡಿ ಹೆಚ್ಚಿಸಿದಳು.

ಮುಂದಿನ ವಾರ ಚುಕ್ಕೆ ಇನ್ನೂ ಮೇಲೆ ಹತ್ತಿತು. ಇನ್ನೂ ಹೆಚ್ಚಿಸಿದಳು. ಮೇಜಿನಿಂದ ಬಸಿದು ಬಕೆಟ್ಟಿಗೆ ಬಿದ್ದ ನೀರನ್ನೂ, ಅದರಲ್ಲಿ ಸಾರವಿದೆಯೆಂದು, ಮತ್ತೆ ಅದಕ್ಕೇ ಹುಯ್ದಳು.

"ಡಾಕ್ಟರಮ್ಮನ ಮನೆಗೇ ಕಾಯಿಲೆ ಬಂತಲ್ಲೇ" ಎಂದಳು ಪೆಂದಾ. ಅಷ್ಟು ಹೇಳಿ ಬೈಗುಳ ಮುಂದುವರಿಸದೆ ಸುಮ್ಮನಾದಳು. ಪೆಂದಾ ಸುಮ್ಮನಾದದ್ದನ್ನು ಕಂಡೇ ಸೈನಬುವಿಗೆ ಹೆದರಿಕೆ ಹೆಚ್ಚಾಯಿತು.

 ಮಂಡಿ ನೋವಿದ್ದರೂ ಯಾಯ್ ದಾಬಾ ವಾರಕ್ಕೊಮ್ಮೆ ಮುಂಜಾನೆಯ ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ಪ್ಲಾಸ್ಟಿಕ್ ಕೆಟಲ್ ಹಿಡಿದು ಸಮುದ್ರದ ಕಡೆ ಹೋಗಿ ಬರುತ್ತಿದ್ದಳು. ಕೇರಿಯ ಮುದುಕಿಯರೆಲ್ಲ ಹಾಗೆ ಹೋಗುವವರೇ. ಕೆಟಲ್ ಹಿಡಿದ ಮುದುಕಿಯನ್ನು ಯಾರು ತಿರುಗಿ ನೋಡುತ್ತಾರೆ?

ಸೈನಬು ಒಂದು ಮಧ್ಯಾಹ್ನ ಬೇರು ನೋಡೋಣವೆಂದು ಸಿಪ್ಪೆ ಕೆದಕಿದಾಗ ಬೆರಳಿಗೆ ಏನೋ ಲೋಳೆ ಸುತ್ತಿಕೊಂಡಿತು. ಎತ್ತಿ ನೋಡಿದರೆ ಒಂದು ಎಳೆ ಕಡಲಪಾಚಿ. ಅಲೆ ತಂದು ದಡಕ್ಕೆ ಹಾಕುವಂಥದ್ದು. ಎರಡು ಅಂತಸ್ತಿನ ಮೇಲೆ, ಕಡಲೆಕಾಯಿ ಸಿಪ್ಪೆಯ ಒಳಗೆ! ಅವಳು ಒಂದು ಸಿಪ್ಪೆಯನ್ನೆತ್ತಿ ನಾಲಿಗೆಗಿಟ್ಟಳು. ಕಟು ಉಪ್ಪು.

ಅವಳು ಅಲ್ಲೇ ತಲೆ ಮೇಲೆ ಕೈ ಹೊತ್ತು ಕುಳಿತಳು. ಪೊಟ್ಯಾಷ್ ಹಸಿವಿನ ಎಲೆ, ಉಪ್ಪಿನಿಂದ ಬೆಂದ ಎಲೆ, ಎರಡೂ ನೋಡಲು ಒಂದೇ ಥರ. ಅಂಚಿನಿಂದಲೇ ಸುಡುತ್ತಾ ಬರುತ್ತವೆ. ಸಂಘದ ತರಬೇತಿಯಲ್ಲಿ ಇದನ್ನು ಹೇಳಿಕೊಟ್ಟಿದ್ದರು, ಅನುಮಾನ ಬಂದರೆ ಮೊದಲು ನೀರನ್ನು ನೋಡಿ ಅಂತ. ಅವಳಿಗೆ ಅನುಮಾನವೇ ಬಂದಿರಲಿಲ್ಲ. ಬಾಯಾರಿ ಸಾಯುತ್ತಿದ್ದ ಗಿಡದ ಬಾಯಿಗೆ ಅವಳು ಇನ್ನಷ್ಟು ಅನ್ನ ತುರುಕುತ್ತಿದ್ದಳು.

ಗುರುವಾರ ಬೆಳಿಗ್ಗೆ ಅವಳಿಗೆ ಸಂಘದ ಕೆಲಸವಿರುತ್ತಿತ್ತು, ಮನೆಯಲ್ಲಿರುತ್ತಿರಲಿಲ್ಲ, ಸಮುದ್ರದ ನೀರು ಯಾರು ಹುಯ್ದರೂ ಆ ಹೊತ್ತಿನಲ್ಲೇ ಹುಯ್ಯಬೇಕು. ಆ ಗುರುವಾರ ಹೋದಂತೆ ಮಾಡಿ ಹಿಂದಿರುಗಿ, ತಾರಸಿಯ ನೀರಿನ ಟ್ಯಾಂಕಿನ ಹಿಂದೆ ನಿಂತಳು. ಮೆಟ್ಟಿಲ ಮೇಲೆ ಅತ್ತೆಯ ಏದುಸಿರು ಕೇಳಿಸಿತು. ಯಾಯ್ ದಾಬಾ ಒಂದು ಕೈಯಲ್ಲಿ ಗೋಡೆ, ಇನ್ನೊಂದರಲ್ಲಿ ಕೆಟಲ್ ಹಿಡಿದು ಮೇಲೆ ಬಂದಳು. ಪುದೀನದ ಮುಂದೆ ನಿಂತು, ಉಸಿರು ಸುಧಾರಿಸಿಕೊಂಡು, ಬುಡಕ್ಕೆ ನಿಧಾನವಾಗಿ ನೀರು ಬಿಟ್ಟಳು.

"ಗುರುತು ಸಿಕ್ತಾ?" ಎಂದು ಸಮುದ್ರವನ್ನೇ ಕೇಳಿದಳು. "ಇದು ಅವನ ಕೈಕೆಲಸ. ನೋಡ್ಕೋ. ಈ ಕೈಯವನನ್ನ ವಾಪಸ್ ಕೊಡು. ನಮ್ಮಮ್ಮ ಹೀಗೆ ಕೇಳಿದಾಗ ನಮ್ಮಪ್ಪನ್ನ ಕೊಟ್ಟಿದ್ದೆ, ಮರೆತುಬಿಟ್ಯಾ?" ಆಮೇಲೆ ಬಾಗಿ ಒಂದು ಸುಟ್ಟ ಎಲೆಯನ್ನು ಸವರಿದಳು. "ಯಾಕಪ್ಪ ಹೀಗೆ ಕೊಳೀತಿದೀಯ? ಉಪ್ಪು ಸಾಲ್ತಿಲ್ವಾ? ಇವತ್ತು ಜಾಸ್ತಿ ತಂದಿದೀನಿ ಕುಡಿ."

ಉಪ್ಪು ಹಾಕಿದ್ದು ಕೆಡುವುದಿಲ್ಲ. ಬದುಕೆಲ್ಲ ಮೀನಿಗೆ ಉಪ್ಪು ತುಂಬಿದ ಹೆಂಗಸಿಗೆ ಇದಕ್ಕಿಂತ ದೊಡ್ಡ ಸತ್ಯ ಇನ್ನೊಂದಿಲ್ಲ. ಎಲೆ ಕೆಟ್ಟಷ್ಟೂ ಅವಳು ಉಪ್ಪು ಹೆಚ್ಚಿಸಿದಳು. ಎಲೆ ಸುಟ್ಟಷ್ಟೂ ಸೊಸೆ ಪುಡಿ ಹೆಚ್ಚಿಸಿದಳು. ಇಬ್ಬರೂ ಒಬ್ಬನಿಗಾಗಿಯೇ ಮಾಡಿದ್ದು. ಟ್ಯಾಂಕಿನ ಹಿಂದೆ ಸೈನಬು ತಲೆವಸ್ತ್ರದ ತುದಿ ಬಾಯಿಗೆ ತುರುಕಿಕೊಂಡು ಅತ್ತಳು.

ಪೆಂದಾಗೆ ಮಾತ್ರ ಹೇಳಿದಳು.

"ಹೇಳಿಬಿಡೇ ಮುದುಕಿಗೆ" ಎಂದಳು ಪೆಂದಾ. "ಗೊತ್ತಿಲ್ಲದೆ ಮಾಡಿದ್ದು. ನಿಲ್ಲಿಸ್ತಾಳೆ."

"ಯಾರ ಕೈಯಿಂದ ಒಣಗುತ್ತೋ ಅದೇ ಕೈ ಮಗನ್ನ ತಳ್ಳಿದ ಹಾಗೆ ಅಂದಿದಾಳೆ, ನೀನೂ ಕೇಳಿಸ್ಕೊಂಡೆ. ಆ ಕೈ ಅವಳದೇ ಅಂತ ನಾನು ಹೇಳ್ಲಾ? ಅವಳು ಬದುಕ್ತಾಳಾ ಪೆಂದಾ?"

ಪೆಂದಾ ತನ್ನ ತಾರಸಿಯ ಕಡೆ ತಿರುಗಿ ನೋಡಿದಳು. ಆಮೇಲೆ, "ನನ್ನ ಹತ್ರ ನೀನು ಕೊಟ್ಟ ಪುದೀನದ್ದೇ ಸಸಿ ಇದಾವಲ್ಲ" ಎಂದಳು.

ಕೇರಿಯ ಆಚೆ ತುದಿಯಲ್ಲಿ ಮಗುವಿಗೆ ಹೆಸರಿಡುವ ದಿನ ಬಂತು. ಯಾಯ್ ದಾಬಾ ಬಣ್ಣದ ಬೂಬು ನಿಲುವಂಗಿ ತೊಟ್ಟು ಹೊರಟಳು. ಅವಳು ತಿರುವು ದಾಟಿದ್ದೇ ತಡ ಇಬ್ಬರೂ ತಾರಸಿ ಹತ್ತಿದರು. ಉಪ್ಪು ಕುಡಿದ ಸಿಪ್ಪೆಯನ್ನೆಲ್ಲ ಗೋಣಿಗೆ ತುಂಬಿ ಕೆಳಗಿಳಿಸಿ, ಪ್ಲಾಸ್ಟಿಕ್ ತೊಳೆದು, ಹೊಸ ಸಿಪ್ಪೆ ಹಾಕಿ, ಪೆಂದಾಳ ಪುದೀನವನ್ನು ಬುಡಸಮೇತ ತಂದು ಒತ್ತೊತ್ತಾಗಿ ಕೂರಿಸಿದರು.

"ಯಾವ ಕಾಲದಲ್ಲಿ ಎನ್‌ಜಾಯ್‌ಗಳು ಜೋಪ್‌ಗಳ ಗೋಣಿ ಹೊತ್ತಿದ್ರೋ!" ಎಂದು ಪೆಂದಾ ಬೆನ್ನು ಹಿಡಿದುಕೊಂಡಳು. "ನಮ್ಮಜ್ಜ ನೋಡಿದ್ರೆ ಗೋರಿಯಿಂದ ಎದ್ದು ಬರ್ತಾನೆ." ಸೈನಬು ಎಷ್ಟೋ ದಿನದ ಮೇಲೆ ನಕ್ಕಳು. ಅದೇ ಅವಳ ಕೊನೆಯ ನಗು ಎಂದು ಹೇಳಿದರೆ ತಪ್ಪಾಗದು.

ಮಾರನೆಯ ದಿನ ತಾರಸಿಯಿಂದ ಯಾಯ್ ದಾಬಾಳ ಕೂಗು ಕೇಳಿ ಅರ್ಧ ಕೇರಿ ಮೇಲೆ ನೋಡಿತು. ಗೋಳಿನ ಕೂಗಲ್ಲ, ಸಂತೋಷದ್ದು. "ಚಿಗುರಿದೆ! ಬನ್ರೇ, ನೋಡ್ರೇ, ಹೇಗೆ ಚಿಗುರಿದೆ! ಸಮುದ್ರ ಒಪ್ಕೊಂಡಿದೆ. ನನ್ನ ಮಗ ಬರ್ತಿದಾನೆ!" ಅಂದು ಸಜ್ಜೆಯ ಗಂಜಿಗೆ ಮೊಸರು ಸಕ್ಕರೆ ಹಾಕಿ ಮನೆಮನೆಗೆ ಹಂಚಿದಳು. ಲಿಬಾಸನ ಮಂಚದ ಹಾಸಿಗೆ ಬಿಸಿಲಿಗೆ ಹಾಕಿದಳು. ಸೈನಬುವಿನ ಕೆನ್ನೆ ಹಿಡಿದು, "ಕಣ್ಣಿಗೆ ಕಾಡಿಗೆ ಹಚ್ಕೊಳೇ, ಹೀಗಿದ್ರೆ ಗಂಡ ಹೆದರ್ಕೊಂಡು ಓಡ್ತಾನೆ" ಎಂದಳು.

ವಾರಕ್ಕೊಮ್ಮೆ ಹೋಗುತ್ತಿದ್ದವಳು ಮರುದಿನದಿಂದ ದಿನವೂ ಸಮುದ್ರಕ್ಕೆ ಹೋದಳು.

ಇದನ್ನು ಸೈನಬು ಯೋಚಿಸಿಯೇ ಇರಲಿಲ್ಲ. ಗಿಡ ಉಳಿದರೆ ಸಾಕೆಂದಿದ್ದಳು, ಉಳಿದ ಗಿಡ ಮುದುಕಿಗೆ ಏನು ಹೇಳುತ್ತದೆಂದು ಹೊಳೆದಿರಲಿಲ್ಲ. ಸಿಹಿನೀರು ಹುಯ್ದು ಉಪ್ಪು ಬಸಿದು ಕಳೆಯೋಣವೆಂದರೆ ನಲ್ಲಿಯಲ್ಲಿ ನೀರು ದಾರದ ಹಾಗೆ ಬರುವ ಕಾಲ. ಬಂದದ್ದನ್ನು ಹುಯ್ಯೋಣವೆಂದರೆ ಯಾಯ್ ದಾಬಾ ಮೇಜಿನ ಪಕ್ಕದಿಂದ ಅಲುಗುತ್ತಿರಲಿಲ್ಲ. ಚಾಪೆ, ಜಪಮಣಿ, ಊಟದ ಬಟ್ಟಲು ಎಲ್ಲವೂ ತಾರಸಿಗೇ ಬಂದಿದ್ದವು.

ಒಂದು ದಿನ ಸೈನಬು ಧೈರ್ಯ ಮಾಡಿದಳು. "ಯಾಯ್, ಆ ನೀರನ್ನ ಮೇಜಿನ ಕಾಲಿಗೆ ಹುಯ್ದರೆ ಸಾಲ್ದಾ? ಮೇಜು ತಾನೇ ಅವರ ಕೈಕೆಲಸ? ಗಿಡಕ್ಕೆ ನಾನು ಹೇಗಿದ್ರೂ ನೀರು ಕೊಡ್ತೀನಲ್ಲ."

ಯಾಯ್ ದಾಬಾಳ ಬೆರಳಲ್ಲಿ ಜಪಮಣಿ ನಿಂತಿತು. "ಯಾಕೆ? ಗಿಡಕ್ಕೆ ಹುಯ್ದರೆ ಏನಾಗುತ್ತೆ?"

ಸೈನಬು ಒಂದು ಎಲೆಯ ಧೂಳು ಒರೆಸತೊಡಗಿದಳು.

"ಹೇಳು ಮಗಳೇ. ಎಲೆ ನೋಡೋದು ಕಲಿತವಳು ನೀನು." ಮುದುಕಿಯ ಗಲ್ಲ ನಡುಗುತ್ತಿತ್ತು. "ನನ್ನ ನೀರು ಕೆಟ್ಟದ್ದಾ?"

ಒಂದು ಮಾತು ಸಾಕಿತ್ತು. ಹೌದು ಎಂದಿದ್ದರೆ ಗಿಡ ಉಳಿಯುತ್ತಿತ್ತೇನೋ. ಸೈನಬು ಆ ನಡುಗುವ ಗಲ್ಲವನ್ನು ನೋಡಿದಳು. "ಇಲ್ಲ ಯಾಯ್. ಕೆಟ್ಟದ್ದಲ್ಲ. ನಿಮ್ಮ ಮಂಡಿ ನೋವಲ್ಲ ಅಂತ ಹೇಳಿದೆ ಅಷ್ಟೆ" ಎಂದು ಮೆಟ್ಟಿಲಿಳಿದು ಹೋದಳು. ಇಳಿಯುವಾಗಲೇ ಅವಳಿಗೆ ತಾನು ವಿಧವೆಯಾದದ್ದು ಗೊತ್ತಾಯಿತು.

ಆಮೇಲೆ ನಡೆದದ್ದು ಬೇಗ ನಡೆಯಿತು. ಅಂಚು ಸುಟ್ಟಿತು, ಚುಕ್ಕೆ ಕೂಡಿ ಕೂಡಿ ಎಲೆಯಿಡೀ ಕಂದಾಯಿತು, ಚಿಗುರೂ ಮುರುಟಿತು. ಪೆಂದಾಳ ತಾರಸಿಯಲ್ಲಿ ಇನ್ನು ಪುದೀನ ಉಳಿದಿರಲಿಲ್ಲ. ಯಾಯ್ ದಾಬಾ ದಿನಕ್ಕೆ ಎರಡು ಸಲ ಸಮುದ್ರಕ್ಕೆ ಹೋಗತೊಡಗಿದಳು. ಕೊನೆಕೊನೆಗೆ ಮೆಟ್ಟಿಲು ಹತ್ತಲಾರದೆ ಅವಳು ಕೆಟಲನ್ನು ಸೊಸೆಯ ಕೈಗೆ ಕೊಟ್ಟು, "ನೀನೇ ಹುಯ್ದು ಬಾ ಮಗಳೇ, ನಿನ್ನ ಗಂಡನಿಗೆ ತಾನೇ" ಎಂದಳು. ಸೈನಬು ಅದನ್ನು ಟ್ಯಾಂಕಿನ ಹಿಂದೆ ಚೆಲ್ಲಿ ಬಂದಳು. ಆಗ ಚೆಲ್ಲಿ ಏನೂ ಪ್ರಯೋಜನವಿರಲಿಲ್ಲ.

ಮಾಸೆಕ್ ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದ. ಮೇಲೆ ಹತ್ತಿ ಒಂದು ಕಾಂಡ ಹಿಡಿದ, ಅದು ಬೆರಳಲ್ಲೇ ಪುಡಿಯಾಯಿತು. ಅವನಿಗೂ ಕಣ್ಣು ತುಂಬಿತು, ಸುಳ್ಳೇಕೆ ಹೇಳಬೇಕು. ಕೆಳಗೆ ಅಂಗಳದಲ್ಲಿ ಯಾಯ್ ದಾಬಾ ಅವನ ಅಂಗೈಯಲ್ಲಿದ್ದ ಆ ಕಂದು ಪುಡಿಯನ್ನು ನೋಡಿದಳು, ಮೂಸಿ ನೋಡಿದಳು. ಒಣಗಿದರೂ ಪುದೀನದ ವಾಸನೆ ಇತ್ತು.

"ಚಿಗುರಿತ್ತು" ಎಂದಳು. "ನೀವೆಲ್ಲ ಗಂಜಿ ಕುಡಿದ್ರಿ. ಚಿಗುರಿದ್ದು ಹೇಗೆ ಒಣಗುತ್ತೆ? ಸಮುದ್ರ ಕೊಟ್ಟು ಕಿತ್ಕೊಳ್ಳಲ್ಲ. ಯಾರೋ ಏನೋ ಮಾಡಿದಾರೆ. ಯಾರ ಕೈ?"

 ಗೋಡೆಯಾಚೆ ಪೆಂದಾ ಕೇಳಿಸಿಕೊಳ್ಳುತ್ತಿದ್ದಳು. ಮುದುಕಿಯ ಕಣ್ಣು ಒಬ್ಬೊಬ್ಬರ ಕೈಗಳನ್ನು ನೋಡುತ್ತಾ ಬಂದು, ತನ್ನ ಮಡಿಲಲ್ಲಿದ್ದ ತನ್ನದೇ ಕೈಗಳ ಮೇಲೆ ನಿಂತಿತು. ಅಲ್ಲೇ ನಿಂತುಬಿಟ್ಟಿತು.

"ನನ್ನ ಕೈ ಯಾಯ್" ಎಂದಳು ಸೈನಬು. "ಬೇಗ ಬೆಳೀಲಿ ಅಂತ ಪುಡಿ ಜಾಸ್ತಿ ಹಾಕಿದೆ. ಬೇರು ಸುಟ್ಟುಹೋಯ್ತು."

ಪೂರ್ತಿ ಸುಳ್ಳೂ ಅಲ್ಲ ಅದು. ಅದಕ್ಕೇ ಅವಳ ದನಿ ಅಲುಗಲಿಲ್ಲ, ಅದಕ್ಕೇ ಎಲ್ಲರೂ ನಂಬಿದರು.

ಯಾಯ್ ದಾಬಾ ಬೈಯಲಿಲ್ಲ, ಹೊಡೆಯಲಿಲ್ಲ. ಮಡಿಲಿನಿಂದ ಕೈಯೆತ್ತಿ ಮುಖ ಒರೆಸಿಕೊಂಡು, "ಇವಳಿಗೆ ಬಟ್ಟೆ ತಂದುಕೊಡು ಮಾಸೆಕ್" ಎಂದಳು. ಇವಳಿಗೆ ಎಂದಳು. ಮಗಳಿಗೆ ಎನ್ನಲಿಲ್ಲ.

ಪ್ರಾರ್ಥನೆ ಆಯಿತು. ಸೈನಬು ವಿಧವೆಯ ಬಟ್ಟೆ ಉಟ್ಟು, ಲಿಬಾಸನ ಮಂಚವಿದ್ದ ಕೋಣೆಯಲ್ಲಿ ಶೋಕಕ್ಕೆ ಕುಳಿತಳು. ಕೇರಿಯ ಹೆಂಗಸರು ಬಂದು ಹೋದರು, ಅವರ ಮಾತು ಅರ್ಧ ಗಂಡನ ಸಾವಿನದು, ಅರ್ಧ ಅವಳ ಕೈಯದು. ತಾರಸಿಯ ಮೇಲೆ ಬೇರೆ ಎರಡು ಮೇಜೂ ನೀರಿಲ್ಲದೆ ಒಣಗಿದವು. ಪೆಂದಾ ಬಾಗಿಲ ಬಳಿ ಕುಳಿತು, "ಈಗಲಾದ್ರೂ ಹೇಳ್ತೀನಿ ಕಣೇ, ನನಗೆ ತಡ್ಕೊಳೋಕಾಗ್ತಿಲ್ಲ" ಎಂದು ಅತ್ತಾಗ ಸೈನಬು, "ನಮ್ಮನೆ ಆಳು ನೀನು, ಹೇಳಿದಷ್ಟು ಕೇಳು" ಎಂದಳು. ಪೆಂದಾಗೆ ತಿರುಗಿಸಿ ಬೈಯಲಾಗಲಿಲ್ಲ.

ಒಂದು ಗುರುವಾರ ಮುಂಜಾನೆ ಸೈನಬು ಎಚ್ಚರವಾಗಿಯೇ ಮಲಗಿದ್ದಳು. ಬೀದಿ ಬಾಗಿಲು ಕಿರುಗುಟ್ಟಿತು. ಅತ್ತೆಯ ಏದುಸಿರು, ಎಳೆದೆಳೆದು ಇಡುವ ಹೆಜ್ಜೆ. ಹೆಜ್ಜೆ ಮೆಟ್ಟಿಲ ಕಡೆ ಹೋಗಲಿಲ್ಲ, ಇವಳ ಕೋಣೆಯ ಕಡೆಗೇ ಬಂತು. ಸೈನಬು ದಡಬಡಿಸಿ ಎದ್ದು ಕುಳಿತಳು. ಮಗಳೇ ಎಂದು ಒಂದು ಸಲ ಕರೆದರೆ ಸಾಕು ಎನಿಸಿತು.

ಹೊಸ್ತಿಲಿನ ಆಚೆ ನೀರು ಸುರಿದ ಸದ್ದಾಯಿತು. ಈ ತುದಿಯಿಂದ ಆ ತುದಿಯವರೆಗೆ, ನಿಧಾನವಾಗಿ. ಕೆಟ್ಟ ಕೈ ಮನೆಯೊಳಗೆ ಓಡಾಡದ ಹಾಗೆ ಕಟ್ಟು ಹಾಕುವುದು ಹೀಗೆಯೇ. ಕೆಟಲ್ ಖಾಲಿಯಾದ ಮೇಲೆ ಹೆಜ್ಜೆ ತಿರುಗಿ ಹೋಯಿತು.

ನೀರು ಬಾಗಿಲ ಸಂದಿಯಿಂದ ಒಳಗೆ ಹರಿದು ಅವಳ ಚಾಪೆಯ ಅಂಚನ್ನು ತೋಯಿಸಿತು. ಅದು ಎಲ್ಲಿಯ ನೀರೆಂದು ತಿಳಿಯಲು ಸೈನಬು ಈ ಸಲ ನಾಲಿಗೆಗಿಟ್ಟು ನೋಡಲಿಲ್ಲ.